ಇಲಿಗಳ ಉಸಿರು ಕಾಯುವ ವಹೀಬಾ

ಕಡಲತೀರದ ಸ್ಫಾಕ್ಸ್ ಊರಿನಲ್ಲಿ ನಸುಕಿನ ಬಾಂಗು ಮುಗಿಯುವ ಹೊತ್ತಿಗೆ ವಹೀಬಾ ಕೈ ತೊಳೆದು, ನೀಲಿ ನಿಲುವಂಗಿ ತೊಟ್ಟು, ನೇತ್ರ ಸಂಶೋಧನಾಲಯದ ಇಲಿಮನೆಯ ಬಾಗಿಲು ತೆರೆಯುತ್ತಾರೆ. ದೀಪ ಹಾಕುವ ಮುಂಚೆ ಮೆಲ್ಲಗೆ ಕೆಮ್ಮುತ್ತಾರೆ. ಇಲಿ ಗಾಬರಿಯಾದರೆ ಕಣ್ಣಿನ ಒತ್ತಡ ಏರಿ ಅಳತೆ ಕೆಡುತ್ತದೆ. ಹಾಗಾಗಿ ಒಂದೊಂದನ್ನೂ ಅಂಗೈಯಲ್ಲಿ ಕೂರಿಸಿ, ಬೆನ್ನು ಸವರಿ, ಉಸಿರು ನಿಧಾನವಾದ ಮೇಲೆಯೇ ವೈದ್ಯೆ ರೌಧಾ ಅವರ ಮುಂದೆ ಹಿಡಿಯುತ್ತಾರೆ.

"ಮಗೂಗೆ ಹಾಲು ಕುಡಿಸಿ ತೇಗು ಬರಿಸ್ತೀವಲ್ಲ, ಹಾಗೆ. ಅವಸರ ಮಾಡಿದ್ರೆ ಕಚ್ತಾವೆ" ಎನ್ನುತ್ತಾರೆ.

ಗಂಡ ತೀರಿಕೊಂಡ ಮೇಲೆ ಆಲಿವ್ ಗಾಣದ ಕೂಲಿ ಬಿಟ್ಟು ಇಲ್ಲಿ ನೆಲ ಒರೆಸಲು ಬಂದವರು ಅವರು. ಮೊದಲ ದಿನ ಇಲಿ ಕಂಡು ಸ್ಟೂಲು ಹತ್ತಿ ನಿಂತಿದ್ದರಂತೆ. ಹಿಡಿಯುವುದನ್ನು ಕಲಿಸಿದ್ದು ರೌಧಾ. ಕಣ್ಣಿನ ಒತ್ತಡ ಏರುವ ಗ್ಲಾಕೋಮಾ ಕಾಯಿಲೆಯಲ್ಲಿ ದೃಷ್ಟಿ ಮಂಕಾಗುವ ಮೊದಲೇ ಕಣ್ಣಿನ ನರ ಸೊರಗತೊಡಗುತ್ತದೆ. ಆ ಮೊದಲ ಪೆಟ್ಟನ್ನು ಪತ್ತೆ ಹಚ್ಚುವುದು ಇಲ್ಲಿನವರ ಕೆಲಸ. ನರವನ್ನು ನೋಡಬೇಕೆಂದರೆ ಇಲಿಯನ್ನು ಚಿರನಿದ್ರೆಗೆ ಕಳಿಸಲೇಬೇಕು. ಆಗಲೂ ಹಿಡಿದುಕೊಳ್ಳುವವರು ವಹೀಬಾ. "ಗುರುತಿರೋ ಕೈಯಲ್ಲೇ ಹೋಗ್ಲಿ" ಎನ್ನುತ್ತಾರೆ. ಅಂಥ ದಿನ ಸಂಜೆ ಬಸ್ಸು ಹತ್ತದೆ ನಡೆದೇ ಮನೆ ಸೇರುತ್ತಾರೆ.

ಹೋದ ಚಳಿಗಾಲದಲ್ಲಿ ರೌಧಾ ವಹೀಬಾರಿಗೆ ಸೂಕ್ಷ್ಮದರ್ಶಕದಲ್ಲಿ ಒಂದು ನರ ತೋರಿಸಿದರು. ಅಲ್ಲಲ್ಲಿ ಎಳೆಗಳು ಸವೆದಿದ್ದವು. ಅದೇ ಇಲಿ ಚಿರನಿದ್ರೆಗೆ ಹೋದ ದಿನ ಬೆಳಿಗ್ಗೆಯೂ ಅವರ ಕೈಯಿಂದ ಸೂರ್ಯಕಾಂತಿ ಬೀಜ ಕಿತ್ತುಕೊಂಡು ತಿಂದಿತ್ತು. ವಹೀಬಾರಿಗೆ ಬಾಗಿಲ ಚೌಕಟ್ಟಿಗೆ ಹಣೆ ಬಡಿದುಕೊಳ್ಳುತ್ತಾ, ವಯಸ್ಸಾಯಿತು ಎನ್ನುತ್ತಲೇ ಕುರುಡಾದ ಅಪ್ಪ ನೆನಪಾದರು. ಅಣ್ಣ ಹಮ್ಮಾದಿ ಇನ್ನೂ ಮೀನಿನ ದೋಣಿ ನಡೆಸುತ್ತಾರೆ. ಈ ಕಾಯಿಲೆ ರಕ್ತಸಂಬಂಧದಲ್ಲಿ ಬರುವಂಥದ್ದು, ಕಣ್ಣು ಪರೀಕ್ಷೆ ಮಾಡಿಸಿಕೋ ಎನ್ನಲು ನೆಟ್ಟಗೆ ಅವರ ಮನೆಗೆ ಹೋದರು.

"ನನ್ನ ಕಣ್ಣಿಗೆ ಏನಾಗಿದೆಯೇ? ಆ ದೂರದ ದೋಣಿ ಬಣ್ಣ ಹೇಳ್ಲಾ?" ಎಂದು ಅಣ್ಣ ರೇಗಿದರು.

"ಆ ಇಲಿಗೂ ಬೀಜ ಕಾಣ್ತಿತ್ತು ಅಣ್ಣ."

ಇಲಿಗೂ ತನಗೂ ಹೋಲಿಕೆಯೇ ಎಂದು ಅಣ್ಣ ಮಾತು ಬಿಟ್ಟರು. ವಹೀಬಾ ಪ್ರತಿ ಶುಕ್ರವಾರವೂ ಬಂದರು. ಅತ್ತಿಗೆ ಬಡಿಸಿದ ಮೀನಿನ ಕುಸ್ಕುಸ್ ಮುಟ್ಟದೆ ಸುಮ್ಮನೆ ಕೂತು ಎದ್ದು ಹೋದರು. ತಂಗಿಯ ಖಾಲಿ ಹೊಟ್ಟೆಗೆ ಕೊನೆಗೂ ಅಣ್ಣ ಸೋತರು. ಪರೀಕ್ಷೆಯಲ್ಲಿ ಎರಡೂ ಕಣ್ಣಿನ ಒತ್ತಡ ಹೆಚ್ಚಿತ್ತು, ಎಡಗಣ್ಣಿನ ನರ ಸವೆಯತೊಡಗಿತ್ತು. ದೃಷ್ಟಿಗೆ ಮಾತ್ರ ಇನ್ನೂ ಏನೂ ಆಗಿರಲಿಲ್ಲ. ಈಗ ರಾತ್ರಿ ಊಟವಾದ ಮೇಲೆ ಅತ್ತಿಗೆ ಹನಿ ಹಾಕುತ್ತಾರೆ, ಅಣ್ಣ ಗೊಣಗುತ್ತಾರೆ. ಒತ್ತಡ ಇಳಿದಿದೆ, ದೋಣಿ ನಿಂತಿಲ್ಲ.

ಈಚೆಗೆ ಹಮ್ಮಾದಿ ಜೊತೆಯ ಮೀನುಗಾರರನ್ನೂ ಕಣ್ಣಿನ ಪರೀಕ್ಷೆಗೆ ಎಳೆದು ತರುತ್ತಿದ್ದಾರೆ. ಅದನ್ನು ಹೇಳುವಾಗ ವಹೀಬಾರ ಮುಖ ಅರಳುತ್ತದೆ.

"ತಂಗಿ ಅಲ್ಲೇ ಕೆಲಸದಲ್ಲಿದ್ದಾಳೆ ಅಂತ ಎಲ್ಲರ ಹತ್ರ ಹೇಳ್ತಾನೆ. ಏನು ಕೆಲಸ ಅಂದ್ರೆ ಮಾತು ಹಾರಿಸ್ತಾನೆ, ನಾಚಿಕೆ ಅವನಿಗೆ. ಒಂದೇ ಒಂದು ಸಲ ಇಲಿ ಅಂತ ಬಾಯಿಬಿಟ್ಟು ಹೇಳ್ಲಿ, ಸಾಕು. ನನಗೋಸ್ಕರ ಅಲ್ಲ, ಅವುಗಳಿಗೋಸ್ಕರ."