ಉಸಿರಾಡಿ ಎಂದು ಹೇಳದ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಇಸ್ತ್ರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಕಿಟಕಿ ತೆರೆಯುತ್ತಾರೆ. ಎರಡು ಕುರ್ಚಿಗಳ ಧೂಳು ಒರೆಸಿ, ಎರಡನ್ನೂ ಬೀದಿಯ ಕಡೆಗೇ ತಿರುಗಿಸಿ ಇಡುತ್ತಾರೆ. ಎದುರುಬದುರು ಇಡುವ ಮಾತೇ ಇಲ್ಲ. "ದಿನವೆಲ್ಲ ಮೇಲಧಿಕಾರಿಗಳ ಮುಖ ನೋಡಿ ನೋಡಿ ಸುಸ್ತಾಗಿ ಬಂದಿರ್ತಾರೆ. ಇಲ್ಲಿ ಮತ್ತೆ ನನ್ನ ಮುಖ ಯಾಕೆ? ರಸ್ತೆ ನೋಡ್ಕೊಂಡು ಮಾತಾಡ್ಲಿ." ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಗುತ್ತದೆ. ರಾತ್ರಿ ಪಾಳಿ ಮುಗಿಸಿದ ಕಾವಲುಗಾರನೊಬ್ಬ ಟೋಪಿ ಕೈಯಲ್ಲಿ ಹಿಡಿದು ಒಳಗೆ ಹೋಗುತ್ತಾನೆ. ಬಾಗಿಲು ಮುಚ್ಚಿಕೊಳ್ಳುತ್ತದೆ. ಇನ್ನು ಒಳಗಿನ ಮಾತು ಒಳಗೇ.

ಕೆಳಗೆ ಇಸ್ತ್ರಿಯವನು ಕೆಂಡ ಊದುತ್ತಾ ನಗುತ್ತಾನೆ. "ನಾನು ಬಟ್ಟೆ ಸುಕ್ಕು ತೆಗೀತೀನಿ, ಮೇಲೆ ಅಕ್ಕ ತಲೆ ಸುಕ್ಕು ತೆಗೀತಾರೆ. ನನ್ನ ಕೆಲಸ ಸುಲಭ. ಅಂಗಿ ಅಳಲ್ಲ."

ಅಕ್ಕ ಆಪ್ತ ಸಮಾಲೋಚಕಿ. ಕೆಲಸಕ್ಕೆ ಹೊರಡುವ ಹೊತ್ತಿಗೆ ಎದೆ ಡವಡವ ಎನ್ನುವವರು, ದುಡಿದು ದುಡಿದು ಒಳಗೆಲ್ಲ ಬೂದಿಯಾದವರು ಅವರಲ್ಲಿಗೆ ಬರುತ್ತಾರೆ. ನರ್ಸುಗಳು, ಬಸ್ ಚಾಲಕರು, ಟೀಚರುಗಳು, ಬ್ಯಾಂಕಿನ ಕೌಂಟರಿನವರು. ದಿನಕ್ಕೆ ಐದಾರು ಜನ, ಅದಕ್ಕಿಂತ ಹೆಚ್ಚು ಒಪ್ಪುವುದಿಲ್ಲ. "ಏಳನೆಯವರಿಗೆ ನನ್ನ ಕಿವಿ ಇರುತ್ತೆ, ನಾನಿರಲ್ಲ," ಎನ್ನುತ್ತಾರೆ.

ಇವರಲ್ಲಿಗೆ ಬರುವ ಮುಂಚೆ ಆ ಜನ ಏನೇನು ಕೇಳಿಸಿಕೊಂಡಿರುತ್ತಾರೆ ಗೊತ್ತೇ? ಮನಸ್ಸು ಗಟ್ಟಿ ಮಾಡ್ಕೋ. ಎಲ್ಲರಿಗೂ ಇರೋದೇ. ನಿನಗೊಬ್ಬನಿಗೇನು ಕೊಂಬು? ಮೂವರ ಕೆಲಸವನ್ನು ಒಬ್ಬನ ತಲೆಗೆ ಕಟ್ಟುತ್ತಾರೆ. ಅವನು ಕುಸಿದರೆ ಎಲ್ಲರನ್ನೂ ಸಭಾಂಗಣಕ್ಕೆ ಕರೆದು ಬಲೂನು ಊದಿಸಿ, ನಗುವುದು ಹೇಗೆಂದು ಪಾಠ ಮಾಡಿಸುತ್ತಾರೆ. ಬೆನ್ನ ಮೇಲಿನ ಮೂಟೆ ಮಾತ್ರ ಇಳಿಸುವುದಿಲ್ಲ. ಮೂಟೆ ಹೊತ್ತುಕೊಂಡೇ ನಗಬೇಕಂತೆ!

ಅಕ್ಕನಿಗೆ ಈ ಆಟ ಚೆನ್ನಾಗಿ ಗೊತ್ತು. ಮೊದಲು ಅವರು ಒಂದು ಬಟ್ಟೆ ಕಾರ್ಖಾನೆಯಲ್ಲಿದ್ದರು. ಸುಸ್ತಾಗಿ ರಜೆ ಹಾಕಿದವರಿಗೆ ನಯವಾಗಿ ಮಾತಾಡಿ ಮತ್ತೆ ಮಿಷನ್ ಮುಂದೆ ಕೂರಿಸುವುದೇ ಅವರ ಕೆಲಸ. "ಕುಂಟೋ ಎತ್ತಿನ ಮೈ ಸವರಿ ಮತ್ತೆ ನೊಗಕ್ಕೆ ಕಟ್ತಿದ್ದೆ. ಅದಕ್ಕೆ ಕ್ಷೇಮಾಧಿಕಾರಿ ಅಂತ ಹೆಸರು ಬೇರೆ." ಅದನ್ನು ಬಿಟ್ಟು, ಮಗಳು ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ತಾವೂ ಪುಸ್ತಕ ಹಿಡಿದರು. ಗಂಡ ಮನೆಗಳಿಗೆ ಬಣ್ಣ ಹೊಡೆಯುವವರು. ಆ ವರ್ಷಗಳಲ್ಲಿ ಒಲೆ, ಬಟ್ಟೆ ಎರಡನ್ನೂ ಅವರೇ ನೋಡಿಕೊಂಡರು. ಮಗಳು ಈಗಲೂ ಚುಚ್ಚುತ್ತಾಳಂತೆ: "ಊರವರ ಸಂಕಟಕ್ಕೆಲ್ಲ ಕಿವಿ ಕೊಡ್ತೀಯ. ನಾನು ಹಸಿವು ಅಂದ್ರೆ ಮಾತ್ರ, ಅಪ್ಪನ್ನ ಕೇಳು ಅಂತೀಯ."

ತಮ್ಮ ಬಗ್ಗೆ ಬರೆಯಲು ಹೋದ ನನಗೆ, ಹೊಗಳಿಕೆ ಬೇಡ ಎಂದು ಅಕ್ಕ ಮೊದಲೇ ಹೇಳಿಬಿಟ್ಟರು. ನಾನು ತಪ್ಪಿದ್ದನ್ನೂ ಬರೆಯುವುದಾದರೆ ಬರೆಯಿರಿ ಎಂದರು. ತಾವು ಯಾರ ವಿಷಯದಲ್ಲಿ ತಪ್ಪಿದರೋ ಆಕೆಯ ಒಪ್ಪಿಗೆ ಕೇಳಿಯೇ ಈ ಕಥೆ ಬಿಚ್ಚಿದರು.

ಆಕೆ ಆಂಬುಲೆನ್ಸ್ ಕರೆ ಕೇಂದ್ರದಲ್ಲಿ ಫೋನ್ ಎತ್ತುವವರು. ಯಾರದೋ ಅಪ್ಪ ಕುಸಿದು ಬಿದ್ದಿರುತ್ತಾನೆ, ಯಾರದೋ ಮಗುವಿನ ಗಂಟಲಲ್ಲಿ ಏನೋ ಸಿಕ್ಕಿಕೊಂಡಿರುತ್ತದೆ. ಗಾಡಿ ತಲುಪುವವರೆಗೆ ಈಕೆ ಧೈರ್ಯ ಹೇಳುತ್ತಿರಬೇಕು. ಗಾಡಿ ತಲುಪಿತೋ, ಲೈನ್ ಕಟ್. ಮರುಕ್ಷಣ ಇನ್ನೊಂದು ಕರೆ. ಹೀಗೇ ವರ್ಷಗಳು ಕಳೆದ ಮೇಲೆ ಮನೆಯಲ್ಲಿ ಫೋನ್ ರಿಂಗಾದರೂ ಕೈಕಾಲು ತಣ್ಣಗಾಗತೊಡಗಿದವು. ಫೋನನ್ನು ಹಿಟ್ಟಿನ ಡಬ್ಬಿಯೊಳಗೆ ಹುದುಗಿಸಿಟ್ಟು ರಜೆ ಹಾಕಿದರು. ರಜೆ ಮುಗಿಯುವುದರೊಳಗೆ ಫೋನ್ ಮುಟ್ಟುವಂತಾಗದಿದ್ದರೆ ಕೆಲಸ ಹೋದಂತೆಯೇ. ಆ ಕೆಲಸ ಆಕೆಗೆ ಇಷ್ಟ. ಬೇರೆ ಯಾವುದೂ ಬೇಡ.

ಮೊದಲ ದಿನ ಆಕೆಯ ಮೈ ನಡುಗುವುದನ್ನು ಕಂಡು ಅಕ್ಕ ರೂಢಿಯಂತೆ ಹೇಳಿದರು: "ನಿಧಾನವಾಗಿ ಉಸಿರು ಎಳ್ಕೊಳ್ಳಿ. ನಾನಿದ್ದೀನಿ, ನನ್ನ ಮಾತು ಕೇಳ್ತಾ ಇರಿ." ಆಕೆ ಬಿಳಿಚಿಕೊಂಡು ಎದ್ದು ಬಾಗಿಲ ಕಡೆ ಓಡಿದರು. "ಅಕ್ಕ, ದಿನವಿಡೀ ನಾನು ಹೇಳೋದು ಇದೇ ಮಾತು. ಇದನ್ನ ಹೇಳ್ತಾ ಹೇಳ್ತಾನೇ ಎಷ್ಟೋ ಜನ ಹೋಗ್ಬಿಟ್ಟಿದ್ದಾರೆ."

"ತಪ್ಪಾಯ್ತಮ್ಮ ಅಂದೆ," ಎನ್ನುತ್ತಾರೆ ಅಕ್ಕ. "ಕಲಿತಿದ್ದನ್ನೇ ಎಲ್ಲರಿಗೂ ಬಡಿಸಿದ್ರೆ ಹೀಗೇ ಆಗೋದು. ಅವತ್ತಿಂದ ಯಾರು ಬಂದ್ರೂ ಮೊದಲು ಅವರ ಕೆಲಸ ಏನು, ಅದನ್ನ ಹೇಗೆ ಮಾಡ್ತಾರೆ ಅಂತ ಪೂರ್ತಿ ಕೇಳ್ತೀನಿ. ಆಮೇಲೇ ನನ್ನ ಬಾಯಿ."

ಹಾಗೆ ಕೇಳಿದಾಗಲೇ ಗಂಟು ಸಿಕ್ಕಿತು. ಆ ಅಪ್ಪ ಉಳಿದನೇ? ಆ ಮಗು? ಆಕೆಗೆ ಯಾರೂ ಹೇಳಿಲ್ಲ. ಕೇಳುವಂತೆಯೂ ಇಲ್ಲ. ಕೊನೆ ಕಾಣದ ಕರೆಗಳೆಲ್ಲ ಆಕೆಯೊಳಗೆ ಇನ್ನೂ ಮುಗಿಯದೆ ನಿಂತಿವೆ. ಅಕ್ಕ ಸಣ್ಣದರಿಂದ ಶುರುಮಾಡಿದರು: ದಿನಕ್ಕೊಂದು ಕೆಲಸ ಹಿಡೀರಿ, ಕೊನೆಯವರೆಗೂ ಮಾಡಿ, ಮುಗೀತು ಅಂತ ಬಾಯಿಬಿಟ್ಟು ಹೇಳಿ. ಒಂದು ಪಾತ್ರೆ ಉಜ್ಜುವುದು, ಒಂದು ಗುಂಡಿ ಹೊಲಿಯುವುದು. ಆಮೇಲೆ, ಯಾರೂ ಕರೆ ಮಾಡದ ಫೋನನ್ನು ಸುಮ್ಮನೆ ಮಡಿಲಲ್ಲಿಟ್ಟುಕೊಂಡು ಕೂರುವುದು.

ಆದರೆ ಗಾಯ ಮಾಡುವ ಜಾಗ ಹಾಗೇ ಇದ್ದರೆ ಮುಲಾಮು ಹಚ್ಚಿ ಏನು ಬಂತು? ಅಕ್ಕ ಆಕೆಯ ಜೊತೆ ಕೇಂದ್ರಕ್ಕೇ ಹೋದರು. ಕೇಳಿದ್ದು ಎರಡೇ. ಕೆಟ್ಟ ಕರೆಯೊಂದು ಮುಗಿದ ಮೇಲೆ ಎದ್ದು ನೀರು ಕುಡಿದು ಬರುವಷ್ಟು ಬಿಡುವು. ಆಕೆ ಕೇಳಿದರೆ, ಆ ಕರೆಯ ಕೊನೆ ಏನಾಯಿತೆಂದು ಹೇಳುವುದು.

ಮೇಲ್ವಿಚಾರಕ ಕುರ್ಚಿಗೆ ಒರಗಿದನು. "ಹೀಗೆ ಎಲ್ಲರೂ ಎದ್ದು ಹೋದ್ರೆ ಫೋನ್ ಯಾರಮ್ಮ ಎತ್ತೋದು?"

"ಇವರು ಎದ್ದು ಹೋಗಿ ಒಂದು ತಿಂಗಳಾಯ್ತಲ್ಲ ಸಾರ್. ಯಾರು ಎತ್ತುತ್ತಿದ್ದಾರೆ?"

ಅವನು ಪಾಳಿಯ ಪಟ್ಟಿ ಹತ್ತಿರ ಎಳೆದುಕೊಂಡ. ಪ್ರಯೋಗಕ್ಕೆ ಎಂದು ಒಪ್ಪಿದ. ಎಲ್ಲರಿಗೂ ಅಲ್ಲ, ಇವರೊಬ್ಬರಿಗೆ ಮಾತ್ರವಂತೆ. ಪಕ್ಕದ ಕುರ್ಚಿಯವರು ಕುಸಿಯುವವರೆಗೆ ಕಾಯಬೇಕು!

ಈ ವಾರ ಆಕೆ ಕೆಲಸಕ್ಕೆ ಹೋಗಿದ್ದಾರೆ. ಹೋಗುತ್ತಾರೋ ಇಲ್ಲವೋ ಎಂಬುದು ಹಿಂದಿನ ಸಂಜೆಯವರೆಗೂ ಅಕ್ಕನಿಗೆ ಗೊತ್ತಿರಲಿಲ್ಲ. ಆಮೇಲೆ ಅಕ್ಕನಲ್ಲಿಗೆ ಬರುತ್ತೇನೆ ಎಂದಿದ್ದವರು ಎರಡು ಸಲವೂ ಬಂದಿಲ್ಲ, ಸುದ್ದಿಯೂ ಇಲ್ಲ. ಕಾವಲುಗಾರ ಮೆಟ್ಟಿಲಿಳಿದು ಹೋದ ಮೇಲೆ ಅಕ್ಕ ಇದನ್ನೆಲ್ಲ ಹೇಳುತ್ತಿರುವಾಗ, ಮೇಜಿನ ಮೇಲಿದ್ದ ಅವರ ಫೋನ್ ರಿಂಗಾಗುತ್ತದೆ. ಪರದೆ ನೋಡಿ ಅಕ್ಕ ನೆಟ್ಟಗೆ ಕೂರುತ್ತಾರೆ. ಆಚೆಯ ದನಿ ಗಟ್ಟಿಯಾಗಿದೆ, ಕೋಣೆಗೆಲ್ಲ ಕೇಳುತ್ತದೆ.

"ಅಕ್ಕ, ನೀರು ಕುಡಿಯೋಕೆ ಬಂದೆ. ನಿನ್ನೆ ಒಬ್ಬ ಅಜ್ಜಿದು ಕರೆ ಬಂದಿತ್ತು, ಏನಾಯ್ತು ಅಂತ ಸಂಜೆನೇ ಕೇಳ್ದೆ. ಉಳೀಲಿಲ್ಲವಂತೆ."

ಅಕ್ಕ ಕೇಳುತ್ತಾರೆ. "ಹೇಗಿದ್ದೀರಿ?"

"ಅತ್ಬಿಟ್ಟೆ ಅಕ್ಕ. ಗೊತ್ತಾಯ್ತಲ್ಲ, ಅತ್ತು ಮುಗಿಸ್ದೆ. ರಾತ್ರಿ ನಿದ್ದೆ ಬಂತು. ನಾಳೆ ನಿಮ್ಮ ಹತ್ರ ಬರಕ್ಕಾಗಲ್ಲ, ಪಾಳಿ ಇದೆ. ಕರೀತಿದ್ದಾರೆ, ಇಡ್ತೀನಿ."

ಅಕ್ಕ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಲೈನ್ ಕಟ್ಟಾಗಿದೆ. ಫೋನನ್ನು ಮೇಜಿನ ಮೇಲಿಡದೆ ಅಂಗೈಯಲ್ಲೇ ಇಟ್ಟುಕೊಳ್ಳುತ್ತಾರೆ.

"ನೋಡಿ," ಎನ್ನುತ್ತಾರೆ, "ಅವರಾಗೇ ಫೋನ್ ಮಾಡಿದ್ರು."