ನೀಲಿ ಬಾಟಲಿಯ ಕುಂಕುಮ

ಇವತ್ತು ಬೆಳಿಗ್ಗೆ ಕಂಪ್ಲಿಯ ನಮ್ಮ ಮನೆಯಲ್ಲಿ ನೆಗಡಿಯ ಮುಲಾಮು ಮುಗಿಯಿತು. ಬೆರಳು ತೂರಿಸಿ, ಕೆರೆದು, ಕೊನೆಗೆ ಬಾಟಲಿಯನ್ನೇ ಮೂಗಿಗೆ ಹಿಡಿದು ಉಸಿರೆಳೆದುಕೊಂಡ ನಮ್ಮ ಯಜಮಾನರು ಅದನ್ನು ಕಸದ ಬುಟ್ಟಿಗೆ ಹಾಕಲು ಹೊರಟರು. "ಅಯ್ಯಯ್ಯೋ, ಒಗೀಬ್ಯಾಡ್ರಿ!" ಎಂದು ಕಿರುಚಿದೆ. ಪಾಪ, ಬೆಚ್ಚಿಬಿದ್ದರು. ಅವರನ್ನು ಬೈದು ಏನು ಬಂತು? ನನ್ನ ಅವ್ವನ ಅಡುಗೆಮನೆಯಲ್ಲಿ ಬೆಳೆದವರಲ್ಲವಲ್ಲ.

ಹೊಸಪೇಟೆಯ ನಮ್ಮ ತವರಿನಲ್ಲಿ ಯಾವ ಡಬ್ಬಿಗೂ ಸಾವೆಂಬುದೇ ಇರಲಿಲ್ಲ. ಪೌಡರ್ ಡಬ್ಬಿಯ ತಲೆಯಲ್ಲಿ ತೂತುಗಳಿದ್ದವೆಂದು ಅದು ರಂಗೋಲಿ ಪುಡಿ ಉದುರಿಸುವ ಕೆಲಸಕ್ಕೆ ಸೇರಿತು. ಕೆಮ್ಮಿನ ಔಷಧಿಯ ಮುಚ್ಚಳ ಉಪ್ಪು ಅಳೆಯುತ್ತಿತ್ತು. ಇನ್ನು ಮುಲಾಮಿನ ನೀಲಿ ಗಾಜಿನ ಬಾಟಲಿಗಳದ್ದು ದೊಡ್ಡ ಸಂಸಾರ. ಅವ್ವನಿಗೆ ವರ್ಷವಿಡೀ ತಲೆನೋವು, ನಮ್ಮಂಥ ಇಬ್ಬರು ಹೆಣ್ಣುಮಕ್ಕಳಿದ್ದ ಮೇಲೆ ಕೇಳಬೇಕೆ, ಹೀಗಾಗಿ ಬಾಟಲಿಗೆ ಬರವಿರಲಿಲ್ಲ. ಒಂದರಲ್ಲಿ ಇಂಗು, ಒಂದರಲ್ಲಿ ಪಿನ್ನು, ಒಂದರಲ್ಲಿ ಕುಂಕುಮ. ಹೊರಗಿನಿಂದ ಎಲ್ಲವೂ ಒಂದೇ ಥರ ಕಾಣುತ್ತವೆಂದು ಅವ್ವ ಬಾಟಲಿಗಳ ಕುತ್ತಿಗೆಗೆ ಬಣ್ಣದ ದಾರ ಕಟ್ಟಿದ್ದಳು. ಕುಂಕುಮಕ್ಕೆ ಹಳದಿ ದಾರ, ಅಪ್ಪನ ಬಾಟಲಿಗೆ ಕಪ್ಪು.

ಅಪ್ಪ ಸಂಡೂರು ಕಡೆಯ ಗಣಿಯೊಂದರಲ್ಲಿ ಕಬ್ಬಿಣದ ಅದಿರಿನ ಸ್ಯಾಂಪಲ್ ತೆಗೆಯುವವರು. ಮರುದಿನ ಲ್ಯಾಬಿಗೆ ಕೊಡಬೇಕಾದ ಪುಡಿಯನ್ನು ಕಾಗದದಲ್ಲಿ ಕಟ್ಟಿ, ಜೇಬಿನಲ್ಲಿಟ್ಟುಕೊಂಡು ಬಂದು, ಇದ್ದಬದ್ದ ಅಂಗಿಗಳನ್ನೆಲ್ಲ ಕೆಂಪು ಮಾಡಿದ್ದರು. ಒಗೆದು ಸಾಕಾದ ಅವ್ವ, "ಇನ್ನ ಮ್ಯಾಲೆ ಇದರಾಗ ತುಂಬ್ಕೊಂಡು ಬರ್ರಿ" ಎಂದು ಒಂದು ಬಾಟಲಿ ಕೊಟ್ಟಿದ್ದಳು.

ಅಕ್ಕನನ್ನು ನೋಡಲು ಯಶವಂತನಗರದವರು ಬರುವ ದಿನ ಬಂತು. ಎರಡು ಸಂಬಂಧ ಆಗಲೇ ತಪ್ಪಿಹೋಗಿದ್ದವು. ಈ ಹುಡುಗನಂತೂ ಅಕ್ಕನಿಗೆ ಫೋಟೋದಲ್ಲೇ ಹಿಡಿಸಿಬಿಟ್ಟಿದ್ದ. ನಾನಾಗ ಬಿಎಸ್ಸಿ ಓದುತ್ತಿದ್ದೆ, ಅಂದರೆ ಜಗತ್ತಿನಲ್ಲಿ ನನಗೆ ತಿಳಿಯದ್ದು ಏನೂ ಇರಲಿಲ್ಲ. ಬಂದವರ ಕಣ್ಣಿಗೆ ಆ ಕೊಳಕು ದಾರಗಳು ಬೀಳಬಾರದೆಂದು ಎಲ್ಲವನ್ನೂ ಕತ್ತರಿಸಿ, ಬಾಟಲಿಗಳನ್ನು ಫಳಫಳ ಒರೆಸಿ ಸಾಲಾಗಿ ನಿಲ್ಲಿಸಿದೆ. ಹೆಸರಿನ ಚೀಟಿ ಅಂಟಿಸುವ ಯೋಚನೆಯಿತ್ತು. ಅಷ್ಟರಲ್ಲಿ ಅವರು ಬಂದೇಬಿಟ್ಟರು.

ಎಲ್ಲ ಸಲೀಸಾಗಿ ನಡೆಯಿತು. ಉಪ್ಪಿಟ್ಟು ತಿಂದರು, ಚಹಾ ಕುಡಿದರು. ಹುಡುಗ ಎರಡು ಸಲ ಅಕ್ಕನನ್ನು ನೋಡಿದ, ಅಕ್ಕ ನಾಲ್ಕು ಸಲ ನೋಡಿದಳು. ಅವರು ಎದ್ದು ನಿಂತಾಗ ಅವ್ವ ಗಡಿಬಿಡಿಯಲ್ಲಿ ಒಂದು ಬಾಟಲಿ ತೆಗೆದು ಕುಂಕುಮದ ಬಟ್ಟಲಿಗೆ ಸುರಿದಳು. ಬಂದವರ ಮುಂದೆ ಚೆಂದ ಕಾಣಬೇಕೆಂದು ಕನ್ನಡಕ ಬೇರೆ ತೆಗೆದಿಟ್ಟಿದ್ದಳು. ಹುಡುಗನ ತಾಯಿಯ ಹಣೆಗೆ ಅಗಲವಾಗಿ ಹಚ್ಚಿಯೂಬಿಟ್ಟಳು.

ಹುಡುಗನ ತಂದೆ ಹೆಂಡತಿಯ ಹಣೆಯನ್ನು ದಿಟ್ಟಿಸಿದರು. ಜೀವಮಾನವೆಲ್ಲ ಗಣಿಯಲ್ಲಿ ದುಡಿದ ಮನುಷ್ಯ. ಬಟ್ಟಲಿನಿಂದ ಒಂದು ಚಿಟಿಕೆ ತೆಗೆದು, ತಿಕ್ಕಿ ನೋಡಿ, "ಭಾಳ ಚಲೋ ಗ್ರೇಡ್ ಐತ್ರಿ. ಯಾವ ಮೈನ್ಸಿಂದು?" ಎಂದರು.

"ಅಯ್ಯೋ, ನನ್ನ ಸ್ಯಾಂಪಲ್!" ಎಂದು ಅಪ್ಪ ಕೂಗಿದರು.

ಅಕ್ಕನ ಕಣ್ಣಲ್ಲಿ ನೀರು ತುಂಬಿತು. ಬಿಎಸ್ಸಿಯವಳಾದ ನಾನು ಮೆಲ್ಲಗೆ ಬಾಗಿಲ ಹಿಂದೆ ಸರಿದೆ. ಅವ್ವ ಮಾತ್ರ ಮುಂದೆ ಬಂದು, "ನಂದ ತಪ್ಪಾತ್ರೀ ಅಕ್ಕಾರ. ಕಣ್ಣು ಸರಿ ಕಾಣಂಗಿಲ್ಲ ನನಗ, ಬ್ಯಾರೆ ಬಾಟ್ಲಿ ತಗೊಂಡೀನಿ" ಎಂದು ಕೈಮುಗಿದಳು.

ಹುಡುಗನ ತಾಯಿ ಗೋಡೆಯ ಕನ್ನಡಿಯಲ್ಲಿ ಮುಖ ನೋಡಿಕೊಂಡರು. "ಇಷ್ಟು ವರ್ಷ ಇವರ ಅಂಗಿ ಒಗದು ಒಗದು ಕೈಗೆ ಹತ್ತಿತ್ತು, ಇವತ್ತು ಹಣಿಗೂ ಹತ್ತಿತು ನೋಡ್ರಿ!" ಎಂದು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ನಕ್ಕು ಸುಸ್ತಾದ ಮೇಲೆ ಅಲ್ಲೇ ಕುಳಿತು, ಹುಡುಗಿ ನಮಗೆ ಒಪ್ಪಿಗೆ ಎಂದರು.

ಅಕ್ಕನ ಸಂಸಾರ ಚೆನ್ನಾಗಿದೆ. ಆದರೆ ನಿಜ ಹೇಳುತ್ತೇನೆ, ಬಾಗಿಲ ಹಿಂದೆ ಅಡಗಿದ ಆ ನಾಚಿಕೆ ನನ್ನನ್ನು ಬಿಟ್ಟಿರಲಿಲ್ಲ. ಇವತ್ತು ತಡೆಯಲಾರದೆ ಅವ್ವನಿಗೆ ಫೋನ್ ಮಾಡಿದೆ.

"ಅವ್ವಾ, ಅವತ್ತು ದಾರ ಕತ್ತರಿಸಿದಾಕಿ ನಾನು."

"ಗೊತ್ತೈತಿ ಬಿಡು. ಅವತ್ತ ಗೊತ್ತಿತ್ತು."

"ಮತ್ತ ನಿನ್ನ ಮ್ಯಾಲ ಯಾಕ ಹಾಕ್ಕೊಂಡಿ?"

"ಅಕ್ಕನ ಸಂಬಂಧ ಹೋತು ಅಂದ್ಕೊಂಡೆ. ನಿನ್ನ ಹೆಸರಾದ್ರೂ ಉಳೀಲಿ ಅಂತ ಹಂಗ ಅಂದೆ," ಎಂದಳು ಅವ್ವ. "ನನ್ನನ್ನೇನು ಯಾರರ ಹೆಣ್ಣು ನೋಡಾಕ ಬರ್ತಿದ್ರ?"