ಒಂದು ದಿನದ ಚೋಂಗ್‌ಚಿಂಗ್

ನನ್ನ ಗಂಡ ರಾನ್ ತಿಂಗ್‌ಫು ಚೋಂಗ್‌ಚಿಂಗ್ ನಗರದ ಮೆಟ್ಟಿಲುಗಳ ಮೇಲೆ ಇಪ್ಪತ್ತೇಳು ವರ್ಷ ಹೊರೆ ಹೊತ್ತವನು. ಆ ನಗರವನ್ನು ನಾನು ನೋಡಿದ್ದು ಒಂದೇ ದಿನ, ಅದೂ ಅರ್ಧಂಬರ್ಧ. ಆ ದಿನದ ಮಾತು ತೆಗೆದರೆ ಈಗಲೂ ಮೈ ಉರಿಯುತ್ತದೆ.

ನಮ್ಮದು ಫೆಂಗ್ಡು ಕಡೆಯ ಗುಡ್ಡದ ಹಳ್ಳಿ. ಮಗಳಿಗೆ ನಾಲ್ಕು ವರ್ಷವಾಗಿದ್ದಾಗ ಒಂದು ಬಿದಿರು ಕೋಲು ಹೆಗಲಿಗಿಟ್ಟುಕೊಂಡು, ‘ಎರಡು ವರ್ಷ ಅಷ್ಟೇ’ ಎಂದು ಹೇಳಿ ಹೊರಟ. ಆಮೇಲೆ ವಸಂತ ಹಬ್ಬಕ್ಕೆ ಮಾತ್ರ ಬರುತ್ತಿದ್ದ. ಒಂಬತ್ತು ದಿನ ಇದ್ದು, ಹೊಗೆಗೆ ಕಟ್ಟಿದ ಹಂದಿಮಾಂಸ ತಿಂದು, ಸೋರುವ ಹೆಂಚು ಸರಿಮಾಡಿ ಹೋಗುತ್ತಿದ್ದ. ಮಗಳು ಅವನನ್ನು ‘ಹಬ್ಬದ ಅಪ್ಪ’ ಎನ್ನುತ್ತಿದ್ದಳು. ಸಾಸಿವೆ ಗಡ್ಡೆ ನೆಟ್ಟವಳು, ಅಗೆದವಳು, ಉಪ್ಪು ಹಾಕಿ ಒಣಗಿಸಿದವಳು ನಾನು. ಅತ್ತೆಯ ಮಲಮೂತ್ರ ಬಳಿದವಳೂ ನಾನೇ. ಆರು ವರ್ಷದಿಂದ ‘ಇದೇ ಕೊನೇ ವರ್ಷ’ ಎನ್ನುತ್ತಿದ್ದ. ಅವನೊಂದಿಗೆ ಫೋನಿನಲ್ಲಿ ಜಗಳವಾಡುವುದೆಂದರೆ ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗೆ.

ಹೋದ ಶರತ್ಕಾಲದಲ್ಲಿ ಅವನ ಕೋಣೆಯ ಜೊತೆಗಾರ, ನಮ್ಮೂರಿನವನೇ ಆದ ಗುವಾನ್ ಫೋನ್ ಮಾಡಿ, ಇವನು ಮೆಟ್ಟಿಲಲ್ಲಿ ಬಿದ್ದು ಮಂಡಿ ಕೆಡಿಸಿಕೊಂಡಿದ್ದಾನೆ ಎಂದ. ನಾನು ಹಂದಿಗಳನ್ನು ಪಕ್ಕದ ಮನೆಯವಳಿಗೆ ಒಪ್ಪಿಸಿ ರೈಲು ಹತ್ತಿದೆ. ಅರವತ್ನಾಲ್ಕು ವರ್ಷದ ಮುದುಕನನ್ನು ಕೈಹಿಡಿದು ಎಳೆದುಕೊಂಡಾದರೂ ಮನೆಗೆ ತರಬೇಕು, ಅಷ್ಟೇ ನನ್ನ ಹಟ. ನನ್ನನ್ನು ನೋಡಿದ್ದೇ ಅವನು ಒಪ್ಪಿಕೊಂಡ. ಆದರೆ ಒಂದು ಷರತ್ತು.

‘ಒಂದು ದಿನ ನಿಂಗೆ ಊರು ತೋರಿಸ್ತೀನಿ ಷೀಬಿ. ಸಂಜೆ ರೈಲಿಗೆ ಇಬ್ರೂ ಹೋಗೋಣ. ಮತ್ತೆ ಬರಲ್ಲ.’

ಸಂಜೆಯ ರೈಲಿಗೆ ಇಬ್ಬರಿಗೂ ಟಿಕೆಟ್ ಮಾಡಿಸಿದೆ. ಬೆಳಿಗ್ಗೆ ಅವನು ಕೋಲನ್ನು ಗುವಾನ್ ಕೈಗೆ ಕೊಟ್ಟ. ಹೆಂಡತಿ ಹೇಳಿದಂತೆ ಕೇಳುವ ಗಂಡಸನ್ನು ನಮ್ಮ ಕಡೆ ಮೆತ್ತಗಿನ ಕಿವಿಯವನು ಎನ್ನುತ್ತಾರೆ. ಗುವಾನ್ ನಗುತ್ತ, ‘ತಿಂಗ್‌ಫು, ಎಲ್ಲಿ, ಕಿವಿ ಮುಟ್ಟಿ ನೋಡ್ತೀನಿ, ಬೆಂದು ಮೆತ್ತಗಾಗಿದ್ಯಾ?’ ಎಂದ.

‘ನಿಂದು ಇನ್ನೂ ಗಟ್ಟಿಯಾಗಿದೆ ಅಲ್ವಾ? ಅದಕ್ಕೇ ನಿನ್ನ ಅಂಗಿ ನೀನೇ ಒಗ್ಕೋತಿದೀಯ’ ಎಂದೆ ನಾನು.

ಮೊದಲು ಹೋದದ್ದು ಕಟ್ಟಡದ ಹೊಟ್ಟೆಯೊಳಗಿಂದ ರೈಲು ಹಾದುಹೋಗುವ ಜಾಗಕ್ಕೆ. ಕೆಳಗೆ ನೂರಾರು ಜನ ಸಾಲಾಗಿ ನಿಂತು, ರೈಲು ಬಂದ ಕೂಡಲೇ ಅದನ್ನು ನುಂಗುವವರಂತೆ ಬಾಯಿ ಕಳೆದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನಗೂ ನಗು ಬಂತು. ‘ನೀನು ಆ ರೈಲಲ್ಲಿ ಎಷ್ಟು ಸಲ ಹೋಗಿದೀಯ?’ ಎಂದು ಕೇಳಿದೆ.

‘ನಾನ್ಯಾಕೆ ಹೋಗ್ಲಿ? ಹೊರೆ ಹೊತ್ತವನಿಗೆ ಕಾಲಿಲ್ವಾ? ಅಲ್ನೋಡು, ಆ ಹಸಿರು ಕಿಟಕಿ, ಹದಿನಾರನೇ ಮಹಡಿ. ಲಿಫ್ಟ್ ಕೆಟ್ಟಿತ್ತು. ಫ್ರಿಜ್ ಒಬ್ಬನೇ ಹೊತ್ತೆ.’

ಅಲ್ಲಿಂದ ಅದೇ ರಾಗ. ಆ ಹೋಟೆಲಿನ ಅಮೃತಶಿಲೆಯ ಮೇಜು, ಈ ಅಂಗಡಿಯ ಬಟ್ಟೆ ಮೂಟೆ, ಅಲ್ಲಿನ ಒಲೆ, ಇಲ್ಲಿನ ಹೆಣದ ಪೆಟ್ಟಿಗೆ. ನದಿ ತೋರಿಸು ಎಂದರೆ ನದಿದಂಡೆಯಿಂದ ಹೊತ್ತ ಮೀನಿನ ತೊಟ್ಟಿ ತೋರಿಸಿದ. ತೋರಿಸುವಾಗ ಅವನ ಮುಖದಲ್ಲಿ ಒಂದು ಹೊಳಪು ಬರುತ್ತಿತ್ತು. ಆ ಹೊಳಪನ್ನು ನಮ್ಮ ಮನೆಯ ಅಂಗಳದಲ್ಲಿ ನಾನು ಒಮ್ಮೆಯೂ ಕಂಡಿರಲಿಲ್ಲ. ಸವತಿಯ ಮನೆಗೆ ಊಟಕ್ಕೆ ಬಂದವಳ ಹಾಗಾಯಿತು ನನಗೆ.

‘ನಾನು ಊರು ನೋಡೋಕೆ ಬಂದಿದ್ದು ಕಣಯ್ಯಾ. ನಿನ್ನ ಮೂಟೆಗಳ ಮೆರವಣಿಗೆ ನೋಡೋಕಲ್ಲ!’ ಎಂದು ರೇಗಿದೆ.

‘ಊರು ಅಂದ್ರೆ ಇದೇ ಅಲ್ವಾ?’ ಎಂದ, ಪೆಚ್ಚಾಗಿ.

ಮಧ್ಯಾಹ್ನ ನದಿಯ ಮೇಲೆ ನೇತಾಡುತ್ತ ದಾಟುವ ತಂತಿಬಂಡಿಗೆ ಸಾಲು ನಿಂತೆವು. ಹೊರಟು ಬರುವ ಮುಂಚೆ ನಾನು ಆಸೆಪಟ್ಟು ಹೆಸರು ಹೇಳಿದ್ದು ಅದೊಂದನ್ನೇ. ಎರಡು ಗಂಟೆ ಕಾದೆವು. ಮುಂದೆ ಇನ್ನು ನಾಲ್ಕೇ ಜನ ಇದ್ದರು. ಅಷ್ಟರಲ್ಲಿ ಕೆಳಗಿನ ಮೆಟ್ಟಿಲುಗಳ ಕಡೆಯಿಂದ ಯಾರೋ ಕೂಗಿದರು.

‘ಬಾಂಗ್‌ಬಾಂಗ್! ಏ ಬಾಂಗ್‌ಬಾಂಗ್!’

ಬಾಂಗ್‌ಬಾಂಗ್ ಎಂದರೆ ಬಿದಿರು ಕೋಲು. ಆ ಊರಲ್ಲಿ ಹೊರೆಯಾಳನ್ನು ಕರೆಯುವುದೇ ಹಾಗೆ. ಆಳು ಯಾರಾದರೇನು, ಕೋಲು ಬಂದರಾಯಿತು. ನಾನು ತಿರುಗಿ ನೋಡುವಷ್ಟರಲ್ಲಿ ನನ್ನ ಗಂಡ ಕಟಕಟೆಯ ಸರಪಳಿಯ ಕೆಳಗೆ ನುಸುಳಿ ಆಚೆಗಿದ್ದ. ಕೈಯಲ್ಲಿ ಕೋಲಿಲ್ಲ, ಮಂಡಿಗೆ ಪಟ್ಟಿ ಸುತ್ತಿದೆ, ಮೈಮೇಲೆ ಮಗಳ ಮದುವೆಯ ಕೋಟು. ಆದರೂ ಓಡಿದ!

‘ಎರಡೇ ನಿಮಿಷ ಷೀಬಿ!’

ಬಾಗಿಲಲ್ಲಿದ್ದ ಹೆಂಗಸು, ‘ಹತ್ತೋದಾದ್ರೆ ಹತ್ತಿ ದೊಡ್ಡಮ್ಮ, ಇಲ್ಲಾಂದ್ರೆ ಪಕ್ಕಕ್ಕೆ ಸರೀರಿ’ ಎಂದಳು. ಹಿಂದಿನವರು ಗೊಣಗಿದರು. ಪಕ್ಕಕ್ಕೆ ಸರಿದೆ. ನನ್ನ ಕಣ್ಣೆದುರೇ ಬಂಡಿ ತುಂಬಿ ತೂಗಾಡುತ್ತ ಹೋಯಿತು. ಆ ಹೊತ್ತಿನಲ್ಲಿ ಅವನು ಕೈಗೆ ಸಿಕ್ಕಿದ್ದರೆ ನದಿಗೇ ನೂಕುತ್ತಿದ್ದೆ.

ಮೆಟ್ಟಿಲು ಹಿಡಿದು ಹುಡುಕುತ್ತ ಹೋದೆ. ನಡುವಿನ ಕಟ್ಟೆಯೊಂದರ ಮೇಲೆ ಅವನು ಕುಸಿದು ಕೂತಿದ್ದ. ಒಂದು ಸೂಟ್‌ಕೇಸ್ ಅವನ ತೊಡೆಯ ಮೇಲೆ, ಇನ್ನೊಂದು ನಾಲ್ಕು ಮೆಟ್ಟಿಲು ಕೆಳಗೆ ಉರುಳಿಬಿದ್ದಿತ್ತು. ಎದುರಿಗೆ ಉತ್ತರದ ಕಡೆಯ ಎಳೇ ಗಂಡ ಹೆಂಡತಿ. ಅವರೂ ನಮ್ಮ ಹಾಗೆ ಊರು ನೋಡಲು ಬಂದವರು.

‘ಆಗಲ್ಲ ಅಂದ್ರೆ ಮೊದಲೇ ಹೇಳ್ಬೇಕಿತ್ತು ಅಜ್ಜ’ ಎನ್ನುತ್ತಿದ್ದ ಆ ಗಂಡು.

‘ನಿನ್ನ ತೋಳು ಇರೋದು ಫೋನ್ ಎತ್ತಿಹಿಡಿಯೋಕಾ? ನಿನ್ನ ಸಾಮಾನು ಹೊತ್ಕೊಂಡು ಹೋಗಯ್ಯ!’ ಎಂದು ಚೀರಿದೆ. ಹೆಣ್ಣುಮಗಳು ನಾಚಿ, ‘ಕ್ಷಮಿಸಿ ಅಜ್ಜಿ’ ಎಂದು ಒಂದು ನೀರಿನ ಬಾಟಲಿ ಇಟ್ಟು, ಗಂಡನನ್ನು ತಿವಿದು, ಸೂಟ್‌ಕೇಸ್ ಎಳೆದುಕೊಂಡು ಮೇಲೆ ಹೋದಳು.

ನಾನು ಅವನ ಕಡೆ ತಿರುಗಿದೆ. ‘ಇವತ್ತೊಂದು ದಿನ! ಒಂದು ದಿನ ತಡ್ಕೊಳ್ಳೋಕಾಗ್ಲಿಲ್ವಾ ನಿಂಗೆ?’

‘ಕಾಲು ತಾನೇ ಹೋಯ್ತು ಕಣೇ.’

‘ಹಾಗಾದ್ರೆ ರೈಲು ಹತ್ತೋಕೂ ಆ ಕಾಲು ಹೋಗುತ್ತಾ?’

ಅವನು ತಲೆ ತಗ್ಗಿಸಿ ಮಂಡಿ ಉಜ್ಜಿಕೊಂಡ. ‘ನೀನು ಹೋಗು ಷೀಬಿ. ನಾನು ಹಬ್ಬಕ್ಕೆ ಬರ್ತೀನಿ. ನಮ್ಮೂರಲ್ಲಿ ನಾನು ಯಾತಕ್ಕೆ ಬೇಕು? ಇಲ್ಲಿ ಯಾರೋ ಕೂಗ್ತಾರೆ. ಕೂಗಿದ್ರೆ ಬೇಕು ಅಂತ ಅರ್ಥ. ಅಲ್ಲಿ ನನ್ನನ್ನ ಯಾರು ಕೂಗ್ತಾರೆ?’

‘ಇಪ್ಪತ್ತೇಳು ವರ್ಷ ನಾನು ಕೂಗಿದ್ದು? ಅದು ಕೇಳಿಸ್ಲಿಲ್ವಾ?’

‘ಯಾವಾಗ ಕೂಗ್ದೆ?’ ಈಗ ಅವನಿಗೂ ಸಿಟ್ಟು ಬಂದಿತ್ತು. ‘ಅಮ್ಮ ಸತ್ತು ಮೂರು ದಿನ ಆದ್ಮೇಲೆ ನಂಗೆ ಗೊತ್ತಾಯ್ತು. ಹಂದಿಕೊಟ್ಟಿಗೆ ಗೋಡೆ ಬಿದ್ದಿದ್ದು ಗುವಾನ್ ಅಳಿಯ ಹೇಳ್ದ. ನಿನ್ನ ಹೊಟ್ಟೆ ಕೊಯ್ದಿದ್ದು ಹಬ್ಬಕ್ಕೆ ಬಂದಾಗ ಹೊಲಿಗೆ ನೋಡಿ ತಿಳೀತು. ಫೋನಲ್ಲಿ ಮನೆ ಸುದ್ದಿ ಕೇಳಿದ್ರೆ ಯಾವತ್ತೂ ಒಂದೇ ಮಾತು, ಇಲ್ಲೆಲ್ಲ ಚೆನ್ನಾಗಿದೆ, ನೀನು ಚಿಂತೆ ಮಾಡ್ಬೇಡ. ನಾನಿಲ್ದೇನೇ ಎಲ್ಲ ಚೆನ್ನಾಗಿದೆ ಅಂದ್ಮೇಲೆ ನಾನು ಯಾಕೆ ಬರ್ಲಿ, ಹೇಳು?’

ನಮ್ಮ ಕಡೆ ಗಂಡ ದೂರ ದುಡಿಯುವ ಹೆಂಗಸರೆಲ್ಲ ಹೀಗೇ. ಒಳ್ಳೆಯದನ್ನು ಹೇಳು, ಕೆಟ್ಟದ್ದನ್ನು ನುಂಗು. ನನ್ನ ಅತ್ತೆಯೇ ಕಲಿಸಿದ್ದು; ಸಾಯುವಾಗಲೂ ‘ಅವನಿಗೆ ಹೇಳ್ಬೇಡ, ಕೆಲಸ ಕೆಡುತ್ತೆ’ ಎಂದವಳು. ಅದನ್ನೇ ನಾನು ದೊಡ್ಡ ಪತಿವ್ರತಾ ಧರ್ಮವೆಂದು ತಿಳಿದು ನುಂಗಿದೆ, ನುಂಗಿದೆ. ಅವನ ಮೇಲಿದ್ದ ಸಿಟ್ಟು ಅತ್ತೆಯ ಮೇಲೆ ಹೋಯಿತು, ಆ ಫೋನಿನ ಮೇಲೆ ಹೋಯಿತು, ಕೊನೆಗೆ ತಿರುಗಿ ನನ್ನ ಮೇಲೇ ಬಂತು. ಎಂಥ ದಡ್ಡಿ ನಾನು!

ದಡದಡ ಮೆಟ್ಟಿಲಿಳಿದೆ. ಇಪ್ಪತ್ತು, ಮೂವತ್ತು ಮೆಟ್ಟಿಲು. ರೈಲಿಗೆ ಹೊತ್ತಾಗುತ್ತಿತ್ತು. ನಿಂತೆ. ತಿರುಗಿದೆ. ಮೇಲೆ ಅವನು ಹಾಗೇ ಕೂತಿದ್ದ, ನಡುವೆ ನೂರು ಜನ ಹತ್ತಿ ಇಳಿಯುತ್ತಿದ್ದರು. ಗುಡ್ಡದಾಚೆಯ ಹೊಲದವರನ್ನು ಕರೆಯುವ ಗಂಟಲು ನನ್ನದು. ಅದನ್ನು ಪೂರ್ತಿ ತೆರೆದೆ.

‘ರಾನ್ ತಿಂಗ್‌ಫು! ಅಲ್ಲಿ ಏನೂ ಚೆನ್ನಾಗಿಲ್ಲ! ಯಾವತ್ತೂ ಚೆನ್ನಾಗಿರ್ಲಿಲ್ಲ! ನನ್ ಕೈಲಿ ಆಗಲ್ಲ, ಮನೆಗೆ ಬಾ!’

ಮೆಟ್ಟಿಲ ಮೇಲಿದ್ದವರೆಲ್ಲ ನಿಂತು ನೋಡಿದರು. ಯಾರೋ ಫೋನ್ ಎತ್ತಿ ಚಿತ್ರ ತೆಗೆದರು. ತೆಗೆಯಲಿ ಎಂದುಕೊಂಡು ಇನ್ನೊಮ್ಮೆ ಕೂಗಿದೆ. ಅವನು ಕಂಬಿ ಹಿಡಿದು ಎದ್ದ, ಕೋಟಿನ ಧೂಳು ಕೊಡವಿಕೊಂಡ, ಒಂದೊಂದೇ ಮೆಟ್ಟಿಲು ಇಳಿಯುತ್ತ ಬಂದ.